ಮಾಶಾಕನ ಐದು ಗಾಲಿಗಳು

ಬೆಟಗೇರಿಯ ಹಳಬರನ್ನು ಹಿಡಿದು ಡ್ರೈವರ್ ಮಾಶಾಕನ ಸುದ್ದಿ ಕೇಳಿ ನೋಡಿ. ಮೊದಲು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ಆಮೇಲೆ ಕಣ್ಣೊರೆಸಿಕೊಂಡು ಹೇಳುತ್ತಾರೆ: ಕಾರು ಓಡಿಸುವ ಡ್ರೈವರುಗಳು ಊರಲ್ಲಿ ಬೇಕಾದಷ್ಟು ಮಂದಿ ಇದ್ದರು, ಕಾರು ಓಡದಂತೆ ನೋಡಿಕೊಳ್ಳುವ ಡ್ರೈವರ್ ಇವನೊಬ್ಬನೇ. ಮಾತು ಸುಳ್ಳಲ್ಲ. ಆದರೆ ಅವನು ಯಾಕೆ ಹಾಗೆ ಮಾಡಿದ ಎಂಬುದನ್ನು ನುಂಗಿಕೊಂಡು ಬರೀ ಹಲ್ಲು ಕಿರಿಯುವವರನ್ನು ಕಂಡರೆ ಮೈ ಉರಿಯುತ್ತದೆ. ನಗುವುದಾದರೆ ಪೂರ್ತಿ ಕೇಳಿ ನಗಬೇಕು.

ಮಾಶಾಕ ಹುಟ್ಟಿದ್ದು ಲಕ್ಷ್ಮೇಶ್ವರದಲ್ಲಿ, ಚಕ್ಕಡಿ ಹೊಡೆಯುವವರ ಮನೆಯಲ್ಲಿ. ಹೆಂಡತಿ ಗುಲಾಬಬಿ ಶಿರಹಟ್ಟಿಯವಳು. ಆಗ ಲಕ್ಷ್ಮೇಶ್ವರ ಮಿರಜಿ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ, ಗದಗು ಬ್ರಿಟಿಷರಿಗೆ. ಬೆಳಗಿನ ರೊಟ್ಟಿಯನ್ನು ಒಬ್ಬರ ರಾಜ್ಯದಲ್ಲಿ, ಮಧ್ಯಾಹ್ನದ ರೊಟ್ಟಿಯನ್ನು ಇನ್ನೊಬ್ಬರ ರಾಜ್ಯದಲ್ಲಿ ತಿಂದು, ಹತ್ತಿ ತುಂಬಿದ ಚಕ್ಕಡಿಯನ್ನು ಗದಗಿನ ಪುಂಡಲೀಕಪ್ಪ ಸಾವಕಾರರ ಜಿನ್ನಿಗೆ, ಅಂದರೆ ಅರಳೆ ಬಿಡಿಸುವ ಗಿರಣಿಗೆ, ತಂದು ಮುಟ್ಟಿಸುವುದು ಅವನ ಕೆಲಸವಾಗಿತ್ತು.

ಸ್ವಾತಂತ್ರ್ಯ ಬಂದ ವರ್ಷ ಒಬ್ಬ ಬಿಳಿ ಸಾಹೇಬ ಊರು ಬಿಡುವಾಗ ತನ್ನ ಕೆಂಪು ಕಾರನ್ನು ಮಾರಿದ. ಎರಡೇ ಸೀಟು, ಮೇಲೆ ಛಾವಣಿ ಇಲ್ಲ, ಗಾಲಿಗೆ ಸೈಕಲ್ಲಿನಂತೆ ತಂತಿ. ಬೆನ್ನಿಗೆ ಒಂದು ಸ್ಟೆಪ್ನಿ. ಸಾಹೇಬರ ನಾಡಿನಲ್ಲಿ ಇಂಥ ಕಾರುಗಳನ್ನು ಸುತ್ತುಹಾದಿಯಲ್ಲಿ ಪಂಥ ಕಟ್ಟಿ ಓಡಿಸುತ್ತಾರೆ ಎಂದು ಕೇಳಿದ್ದೇ ತಡ, ಸಾವಕಾರರು ಕೊಂಡೇಬಿಟ್ಟರು. ನಾಲ್ಕು ಮಂದಿ ಕೂರಲಾಗದ, ಹತ್ತಿಯ ಒಂದು ಅಂಡಿಗೆ ಮೂಟೆಯನ್ನೂ ಹೇರಲಾಗದ ಈ ಆಟಿಕೆ ಸಾಮಾನು ಯಾಕೆಂದು ಮನೆಯವರು ಬೈದರು. ಸಾವಕಾರರು ಕೇಳುವ ಕುಳವೇ ಅಲ್ಲ. ಚಕ್ಕಡಿ ಇಳಿಸುತ್ತಿದ್ದ ಮಾಶಾಕನನ್ನು ಕೂಗಿದರು.

"ಮಾಶಾಕಾ, ಇಷ್ಟು ವರ್ಷ ನಿನ್ನ ಎತ್ತು ನೋಡೀನಿ, ಮೈಮ್ಯಾಲ ಒಂದು ಬಾರಕೋಲಿನ ಗುರ್ತಿಲ್ಲ. ನನ್ನ ಕಾರಿಗೆ ನೀನ ಡ್ರೈವರ."

"ನನಗ ಎತ್ತಿನ ಭಾಷಾ ಗೊತ್ತೈತ್ರಿ ಧಣ್ಯಾರ, ಇದರ ಭಾಷಾ ಗೊತ್ತಿಲ್ಲ."

"ನನಗೂ ಗೊತ್ತಿಲ್ಲೋ ಮಾರಾಯ. ಕೂಡೇ ಕಲಿಯೂಣು ಬಾ."

ಹೀಗೆ ಮಾಶಾಕ ಹೆಂಡತಿ ಮಗಳೊಂದಿಗೆ ಗದಗಿಗೆ ಅಂಟಿಕೊಂಡ ಬೆಟಗೇರಿಗೆ ಬಂದ. ಮಗಳು ದಿಲಶಾದಬಿ ಆಗ ಎಂಟು ವರ್ಷದ ಹುಡುಗಿ. ಕೆಂಪು ಕಾರು ನೋಡಿದವಳೇ ಅದರ ಬಾಗಿಲಿಗೆ ಜೋತುಬಿದ್ದು, "ಅಬ್ಬಾ, ನನ್ನ ಒಂದು ಸುತ್ತು ಹಾಕಿಸು" ಎಂದು ಗಂಟುಬಿದ್ದಳು. ಮಾಶಾಕ ಅವಳನ್ನು ಕೆಳಗಿಳಿಸಿ ತಲೆ ಸವರಿದ. "ನಿನ್ನ ಮದುವಿ ದಿನ ಇದರಾಗ ಕುಂಡ್ರಿಸಿ, ಧೂಳೆಬ್ಬಿಸಿಕೊಂತ ನಿನ್ನ ಗಂಡನ ಮನಿಗಿ ಕರಕೊಂಡು ಹೋಗ್ತೀನಿ. ಅಲ್ಲಾನ ಆಣಿ" ಎಂದ. ಸಾವಕಾರರೂ ಅಲ್ಲೇ ಇದ್ದರು. "ಹೂಂ, ನಂದೂ ಮಾತು" ಎಂದರು. ಹುಡುಗಿಗೆ ಸಮಾಧಾನವಾಯಿತು. ಮಾಶಾಕನಿಗೆ ಮಾತ್ರ ಅಂದಿನಿಂದ ಸಮಾಧಾನ ಎಂಬುದು ಇಲ್ಲವಾಯಿತು.

ಯಾಕೆಂದರೆ ಒಂದು ತಿಂಗಳು ಕಳೆಯುವುದರಲ್ಲಿ ಗೊತ್ತಾಯಿತು: ಈ ಅಳತೆಯ ಟಾಯರು ಹುಬ್ಬಳ್ಳಿಯಲ್ಲಿಲ್ಲ, ಬೆಳಗಾವಿಯಲ್ಲಿಲ್ಲ, ಮುಂಬೈಯಲ್ಲೂ ಬರುವುದು ನಿಂತುಹೋಗಿದೆ. ಇರುವುದು ನಾಲ್ಕು, ಬೆನ್ನಿಗೊಂದು. ಅವು ಸವೆದವೆಂದರೆ ಕಾರು ಇಟ್ಟಂಗಿಯ ಮೇಲೆ ಕೂತಿತೆಂದೇ ಲೆಕ್ಕ. ಮಗಳ ಮದುವೆಗೆ ಇನ್ನೂ ಹತ್ತು ವರ್ಷವಾದರೂ ಬೇಕು. ಸಾವಕಾರರಿಗೋ ಟಾಯರಿನ ಚಿಂತೆಯೇ ಇಲ್ಲ, ಅವರಿಗೆ ಬರೀ ಐತವಾರದ ಚಿಂತೆ.

ಐತವಾರ ಏನೆಂದರೆ, ಬೆಟಗೇರಿಯಲ್ಲಿ ಎಣ್ಣೆ ಗಿರಣಿಯ ಈಶಪ್ಪ ಎಂಬ ಇನ್ನೊಬ್ಬ ಸಾವಕಾರ ಇದ್ದ. ಅವನದು ಎಮ್ಮೆಯಂಥ ದೊಡ್ಡ ಕರೀ ಕಾರು. ಹತ್ತಿಯ ಸುಗ್ಗಿ ಮುಗಿದ ಮೇಲೆ ಅಂಡಿಗೆ ಒಟ್ಟುವ ಬಯಲು ಖಾಲಿ ಬೀಳುತ್ತಿತ್ತು. ಅದರ ನಾಲ್ಕು ಮೂಲೆಗೆ ಖಾಲಿ ಎಣ್ಣೆ ಡಬ್ಬಿ ಇಟ್ಟು, ಐತವಾರ ಮಧ್ಯಾಹ್ನ ಇಬ್ಬರೂ ಪೇಟ ಬಿಗಿದುಕೊಂಡು ಸುತ್ತು ಹಾಕುವುದು. ಸೋತವನು ನೆರೆದವರಿಗೆಲ್ಲ ಮಿರ್ಚಿ ಭಜಿ ತಿನ್ನಿಸಬೇಕು. ನೆಲವೆಲ್ಲ ಗರಸು, ಚೂಪು ಕಲ್ಲಿನ ಹರಳು. ತಿರುವಿನಲ್ಲಿ ಟಾಯರು ಕಿರ್ರೆಂದು ಜಾರಿದಾಗ ಜನ ಸಿಳ್ಳೆ ಹೊಡೆಯುತ್ತಿದ್ದರು. ಸಾವಕಾರರ ಪಕ್ಕದಲ್ಲಿ ಕೂತ ಮಾಶಾಕ ಮಾತ್ರ ತನ್ನ ಚರ್ಮವನ್ನೇ ಯಾರೋ ಗರಸಿಗೆ ತಿಕ್ಕಿದಂತೆ "ಯಾ ಅಲ್ಲಾ" ಎಂದು ನರಳುತ್ತಿದ್ದ.

ಎತ್ತು ಸಾಕಿದವನಿಗೆ ಎತ್ತು ಸಾಕಿದಂತೆಯೇ ಗೊತ್ತು. ಮಾಶಾಕ ಗಾಲಿಗಳಿಗೆ ಹೆಸರಿಟ್ಟ. ಮುಂದಿನವು ಸಾರಂಗ ಮತ್ತು ಕೆಂಚ, ಹಿಂದಿನವು ಮಲ್ಲ ಮತ್ತು ಹಂಡ. ದುಡಿಯದೆ ಬೆನ್ನ ಮೇಲೆ ಕೂತು ಬರೀ ಗಾಳಿ ಕುಡಿಯುವ ಸ್ಟೆಪ್ನಿಯನ್ನು ಮನೆಅಳಿಯ ಎಂದು ಕರೆದ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಬಾರದಲ್ಲವೆ, ಹಾಗೆಯೇ ಸೋಮವಾರ ಕಾರನ್ನು ಇಟ್ಟಂಗಿಗಳ ಮೇಲೆ ಎತ್ತಿ ನಿಲ್ಲಿಸಿ ಗಾಲಿಗಳಿಗೆ ವಿಶ್ರಾಂತಿ ಕೊಟ್ಟ. ಬಸವಣ್ಣನ ವಾರವೆಂದು ಸಾವಕಾರರೂ ಒಪ್ಪಿದರು. ಎಳೆಬಿಸಿಲಲ್ಲಿ ನಿಲ್ಲಿಸಿ ಎಣ್ಣೆಯಿಂದ ಮೈ ತಿಕ್ಕಿದ. ರಬ್ಬರಿಗೆ ಎಣ್ಣೆ ತಾಗಿದರೆ ಕೆಡುತ್ತದೆ ಎಂದು ಯಾರೋ ಹೇಳಿದಾಗ ಎದೆ ಒಡೆದುಕೊಂಡು, ಅಂಟವಾಳದ ನೊರೆಯಲ್ಲಿ ತೊಳೆದು, ಗಾಲಿಗಳ ಮುಂದೆ ಕೂತು "ತಪ್ಪಾತ್ರಪಾ" ಎಂದ. ಇದನ್ನು ಓಣಿಯವರೆಲ್ಲ ನೋಡಿದ್ದಾರೆ, ನಾನು ಕಟ್ಟಿ ಹೇಳುತ್ತಿಲ್ಲ.

ಸವೆತ ಅಳೆಯಲು ಅವನದೇ ಒಂದು ದಾರಿ ಇತ್ತು. ಟಾಯರಿನ ಗೀರಿನಲ್ಲಿ ಒಂದು ಕಾಳು ಇಟ್ಟು ನೋಡುವುದು. ಕಾರು ಬಂದ ಹೊಸದರಲ್ಲಿ ಜೋಳದ ಕಾಳು ಪೂರ್ತಿ ಅಡಗುತ್ತಿತ್ತು. ಮರುವರ್ಷ ಜೋಳ ಹೊರಗೆ ಇಣುಕಿತು, ಸಜ್ಜೆಯ ಕಾಳು ಅಡಗಿತು. ಕಾಳು ತೆಗೆಯಲು ಮರೆತ ದಿನ ಊರ ಕೋಳಿಗಳೆಲ್ಲ ಕಾರಿನ ಬೆನ್ನು ಹತ್ತುತ್ತಿದ್ದವು. ಆದರೆ ಮಾಶಾಕನಿಗೆ ಕೋಳಿಯ ಚಿಂತೆಯಲ್ಲ. ಒಂದೇ ವರ್ಷಕ್ಕೆ ಜೋಳದಿಂದ ಸಜ್ಜೆಗೆ ಇಳಿದರೆ ಮಗಳು ದೊಡ್ಡವಳಾಗುವ ಹೊತ್ತಿಗೆ ಗಸಗಸೆಯೂ ನಿಲ್ಲುವುದಿಲ್ಲ!

ಆವಾಗ ಅವನು ಆ ಕಿತಾಪತಿ ಮಾಡಿದ. ಜಾಲಿಯ ಕಟ್ಟಿಗೆಯದೊಂದು ತುಂಡು ಕೆತ್ತಿ, ವೇಗ ಕೊಡುವ ಪೆಡಲಿನ ಕೆಳಗೆ ಬಡಿದು ಕೂಡಿಸಿದ. ಸಾವಕಾರರು ಎಷ್ಟೇ ಒತ್ತಿದರೂ ಕಾಲು ಅರ್ಧಕ್ಕೇ ನಿಲ್ಲುತ್ತಿತ್ತು. ಬೊಜ್ಜಿನ ಸಾವಕಾರರು ಬಗ್ಗಿ ಪೆಡಲು ನೋಡುವವರಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅಂದಿನಿಂದ ಕೆಂಪು ಕಾರು ಪ್ರತಿ ಐತವಾರ ಸೋಲತೊಡಗಿತು.

"ಆ ಬಿಳೇ ಸಾಹೇಬ ನನಗ ಟೋಪಿ ಹಾಕಿ ಹೋದನೋ ಮಾಶಾಕಾ" ಎಂದು ಸಾವಕಾರರು ಭಜಿ ಹಂಚುತ್ತ ಹಲುಬುತ್ತಿದ್ದರು. "ನೋಡಾಕ ಕುದುರಿ, ಓಡಾಕ ಕತ್ತಿ ಕೊಟ್ಟಾನ."

"ವಯಸ್ಸಾಗೈತ್ರಿ ಅದಕ್ಕ, ಧಣ್ಯಾರ" ಎಂದು ಮಾಶಾಕ ಮುಖ ಆ ಕಡೆ ತಿರುಗಿಸುತ್ತಿದ್ದ. ಅನ್ನ ಕೊಟ್ಟ ಧಣಿಗೆ ಸುಳ್ಳು ಹೇಳಿದೆನಲ್ಲ ಎಂದು ಶುಕ್ರವಾರ ಮಸೀದಿಯಲ್ಲಿ ಗಲ್ಲ ಗಲ್ಲ ಬಡಿದುಕೊಳ್ಳುತ್ತಿದ್ದ. ಐತವಾರ ತುಂಡು ಭದ್ರವಾಗಿದೆಯೇ ಎಂದು ಮತ್ತೆ ಮುಟ್ಟಿ ನೋಡುತ್ತಿದ್ದ.

ಇಷ್ಟಾದರೂ ಎಡಗಡೆಯ ಕೆಂಚ ಮತ್ತು ಮಲ್ಲ ಹೆಚ್ಚು ಸವೆಯುತ್ತಿದ್ದವು. ಮಾಶಾಕನಿಗೆ ರಾಶಿ ಮಾಡುವ ಕಣ ನೆನಪಾಯಿತು. ನಡುವಿನ ಮೇಟಿ ಕಂಬದ ಸುತ್ತ ಎತ್ತು ತಿರುಗುವಾಗ ಹೊರಗಿನ ಎತ್ತಿಗೆ ದಣಿವು ಜಾಸ್ತಿ, ಮಧ್ಯಾಹ್ನದ ಮೇಲೆ ತಿರುಗಿಸಿ ಹೊಡೆಯಬೇಕು. "ಧಣ್ಯಾರ, ನಾವು ಯಾವಾಗ್ಲೂ ಬಲಕ್ಕ ಸುತ್ತು ಹಾಕತೀವಿ. ಇವತ್ತ ಎಡಕ್ಕ ಹಾಕೂಣ್ರಿ" ಎಂದ. ಕಣದ ಮಾತು ಸಾವಕಾರರಿಗೆ ಸರಿ ಎನಿಸಿತು. ಹೊಡೆದರು ಎಡಕ್ಕೆ. ಆದರೆ ಇಬ್ಬರೂ ಈಶಪ್ಪನಿಗೆ ಹೇಳುವುದನ್ನೇ ಮರೆತಿದ್ದರು. ಮೊದಲ ಡಬ್ಬಿ ದಾಟುವುದರಲ್ಲಿ ಕರೀ ಕಾರು ಎದುರಿಗೇ ಬಂತು. ಎರಡೂ ಕಾರು ಮೂಗಿಗೆ ಮೂಗು ತಾಗಿಸಿ ನಿಂತವು. ಈಶಪ್ಪ ಹಾರ್ನ್ ಒತ್ತಿದ, ಸಾವಕಾರರೂ ಒತ್ತಿದರು.

"ಹಿಂದ ಸರಿಯೋ ಪುಂಡಲೀಕಾ! ಉಲ್ಟಾ ಯಾಕ ಬಂದಿ?"

"ನೀ ಸರಿ! ಕಾರು ನಂದು, ದಿಕ್ಕು ನಂದು!"

ಇಬ್ಬರಿಗೂ ಹಿಂದಕ್ಕೆ ಸರಿಯುವುದು ಮರ್ಯಾದೆಯ ಪ್ರಶ್ನೆ. ಖರೆ ಹೇಳಬೇಕೆಂದರೆ ಇಬ್ಬರಿಗೂ ಹಿಂದಕ್ಕೆ ಓಡಿಸಲು ಬರುತ್ತಿರಲಿಲ್ಲ. ಬಿಸಿಲು ಇಳಿಯುವವರೆಗೂ ಹಾರ್ನು ಬಾರಿಸಿ, ಕೊನೆಗೆ ಅಲ್ಲಿಗೇ ಚಹಾ ಭಜಿ ತರಿಸಿ ತಿಂದು, ಹಮಾಲರಿಂದ ಕಾರು ತಳ್ಳಿಸಿಕೊಂಡು ಮನೆಗೆ ಹೋದರು. ಇಡೀ ಮಧ್ಯಾಹ್ನ ಒಂದು ಸುತ್ತೂ ಆಗಿರಲಿಲ್ಲ. ಮಾಶಾಕನ ಪಾಲಿಗೆ ಅಷ್ಟು ಸುಖದ ಐತವಾರ ಮತ್ತೆ ಬರಲೇ ಇಲ್ಲ.

ವರ್ಷಗಳು ಉರುಳಿದವು. ಸಂಸ್ಥಾನಗಳು ಹೋದವು, ಮುಂಬೈ ಸರ್ಕಾರ ಬಂತು, ಏಕೀಕರಣವಾಗಿ ಮೈಸೂರು ರಾಜ್ಯವೂ ಬಂತು. ಸರ್ಕಾರಗಳು ಬದಲಾದಷ್ಟು ಸಲ ಆ ಕಾರಿನ ಟಾಯರು ಬದಲಾಗಲಿಲ್ಲ. ಸಜ್ಜೆ ಹೋಗಿ ನವಣೆ, ನವಣೆ ಹೋಗಿ ಗಸಗಸೆ ಎಂಬಲ್ಲಿಗೆ ಬಂದಿತ್ತು. ಈ ಹತ್ತು ವರ್ಷದಲ್ಲಿ ದಿಲಶಾದಬಿ ಒಮ್ಮೆಯೂ ಕಾರಿನಲ್ಲಿ ಕೂತಿರಲಿಲ್ಲ. ಸಾವಕಾರರ ನಾಯಿ ಕೂತಿತ್ತು, ಅಡುಗೆಯವನು ಕೂತಿದ್ದ, ಈಶಪ್ಪನ ಬೀಗರೂ ಕೂತಿದ್ದರು. ಅವಳು ಕೇಳಿದಾಗಲೆಲ್ಲ ಮಾಶಾಕನದು ಒಂದೇ ಉತ್ತರ: "ಭಾರ ಬಿದ್ದರ ಗಾಲಿ ಸವಿತೈತಿ ಬೇಟಿ. ಎಲ್ಲಾ ನಿನ್ನ ಸಲುವಾಗೇ ಉಳಸಾಕ ಹತ್ತೀನಿ." ಅವಳು ತುಟಿ ಕಚ್ಚಿಕೊಂಡು ಗಾಲಿ ತೊಳೆಯಲು ನೀರು ತಂದುಕೊಡುತ್ತಿದ್ದಳು.

ಅಳಿಯನನ್ನು ಹುಡುಕಿದ್ದೂ ಹಾಗೆಯೇ. ಮುಂಡರಗಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ದಾದಾಪೀರ ಟ್ಯೂಬಿಗೆ ತೇಪೆ ಹಚ್ಚಿದರೆ ಕೈಯಾಡಿಸಿದರೂ ತಿಳಿಯದಷ್ಟು ನುಣುಪು. ಮಾಶಾಕ ಆ ತೇಪೆಯನ್ನು ಸವರಿ ನೋಡಿ ಅಲ್ಲೇ ಸಂಬಂಧ ಮಾತಾಡಿ ಬಂದ.

"ಏನ್ರೀ, ಮಗಳಿಗೆ ಗಂಡು ನೋಡಿ ಬಂದ್ರೋ, ಕಾರಿಗೆ ನೋಡಿ ಬಂದ್ರೋ?" ಎಂದು ಗುಲಾಬಬಿ ಲಟ್ಟಣಿಗೆ ಹಿಡಿದೇ ಕೇಳಿದಳು. ಹುಡುಗ ಒಳ್ಳೆಯವನು, ನಗುಮುಖದವನು ಎಂದು ಆಮೇಲೆ ತಿಳಿಯಿತೆನ್ನಿ. ಅದು ಮಾಶಾಕನ ಪುಣ್ಯ, ಜಾಣತನವಲ್ಲ.

ನಿಕಾಹ್ ಬೆಟಗೇರಿಯಲ್ಲಿ ಆಯಿತು. ಮರುದಿನ ಬೆಳಿಗ್ಗೆ ಹುಡುಗಿಯನ್ನು ಮುಂಡರಗಿಗೆ ಕಳಿಸಬೇಕು. ಮಾಶಾಕ ಗಾಲಿಗಳನ್ನು ಒಂದೊಂದಾಗಿ ಸವರಿ ನೋಡಿದ. ಕೆಂಚನ ಗೀರಿನಲ್ಲಿ ಗಸಗಸೆಯೂ ನಿಲ್ಲದೆ ಉದುರಿಬಿತ್ತು. ಮುಂಡರಗಿಯ ದಾರಿ ನೆನಪಾಯಿತು. ಗರಸು, ಕಲ್ಲು, ಜಾಲಿಯ ಮುಳ್ಳು! ಆಮೇಲೆ ಅವನು ಮಾಡಿದ್ದನ್ನು ಈ ಸೀಮೆಯ ಮತ್ತೊಬ್ಬ ಮನುಷ್ಯ ಮಾಡಲಿಕ್ಕಿಲ್ಲ. ಅಂಡಿಗೆ ಹೇರುವ ದೊಡ್ಡ ಚಕ್ಕಡಿ ತರಿಸಿ, ಹಲಗೆ ಹಾಕಿ, ಹಮಾಲರಿಂದ ಕಾರನ್ನು ಅದರ ಮೇಲೆ ಏರಿಸಿ ಹಗ್ಗ ಬಿಗಿದ. ಮುಂದೆ ನಾಲ್ಕು ಎತ್ತು. ಕಾರಿನೊಳಗೆ ಮದುಮಕ್ಕಳು.

"ಲೇ ಮಾಶಾಕಾ, ತಲಿ ನೆಟ್ಟಗೈತೇನಲೇ?" ಎಂದರು ಸಾವಕಾರರು.

"ಕಾರಿನ್ಯಾಗ ಕುಂಡ್ರಿಸ್ತೀನಿ ಅಂದಿದ್ದೆ, ಕುಂಡ್ರಿಸೀನ್ರಿ. ಗಾಲಿ ನೆಲಕ್ಕ ಹಚ್ಚಂಗಿಲ್ಲ. ಮುಂಡರಗಿ ಅಗಸಿ ಬಾಗಿಲ ಮುಂದ ಇಳಿಸಿ, ಮನಿತನಕ ಉರುಳಿಸ್ತೀನಿ."

ಈ ತಮಾಷೆಯನ್ನು ಬಿಟ್ಟುಕೊಡಲು ಸಾವಕಾರರಿಗೆ ಮನಸ್ಸಾಗಲಿಲ್ಲ. ತಾವೂ ಚಕ್ಕಡಿಯ ಮುಂತುದಿಯ ಮೂಕಿಮರದ ಹತ್ತಿರ, ಎತ್ತು ಹೊಡೆಯುವ ತಿರಕಪ್ಪನ ಪಕ್ಕದಲ್ಲಿ ಹತ್ತಿ ಕೂತರು. ಹಿಂದಿನ ಚಕ್ಕಡಿಯಲ್ಲಿ ಗುಲಾಬಬಿ ಮತ್ತು ನೆಂಟರು, ಪಕ್ಕದಲ್ಲಿ ನಡೆಯುತ್ತ ಮಾಶಾಕ. ದಾರಿಯುದ್ದಕ್ಕೂ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ಹೆಂಗಸರು ಓಡಿಬಂದು, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. "ಯವ್ವಾ, ಕಾರಿಗೂ ಕಾಲುನೋವು ಬಂದೈತೇನ?" ಎಂದಳು ಒಬ್ಬ ಮುದುಕಿ. ಮದುಮಗ ದಾದಾಪೀರ ಸೆಹರಾದ ಹೂವಿನ ಹಿಂದೆ ಮುಖ ಅಡಗಿಸಿಕೊಂಡ. ದಿಲಶಾದಬಿ ಮಾತ್ರ ಬಗ್ಗಿ, ಹಗ್ಗ ಬಿಗಿದ ಗಾಲಿಯನ್ನೇ ನೋಡುತ್ತಿದ್ದಳು.

ಡಂಬಳ ದಾಟಿದ ಮೇಲೆ ಅವಳು ಎದ್ದು ನಿಂತಳು. ಬಾಗಿಲು ತೆಗೆದು, ಜರಿಯ ದುಪಟ್ಟಾ ಎತ್ತಿಕೊಂಡು, ಚಕ್ಕಡಿಯಿಂದ ಕೆಳಗೆ ಧುಮುಕಿದಳು. ಹೋಗಿ ದಾರಿಬದಿಯ ಮೈಲಿಗಲ್ಲಿನ ಮೇಲೆ ಕೂತುಬಿಟ್ಟಳು.

"ಏನಾತು ಬೇಟಿ? ತಲಿ ತಿರುಗೇತೇನ?" ಮಾಶಾಕ ಓಡಿ ಬಂದ.

"ಗಾಲಿ ತಿರುಗಲಿಲ್ಲಲ್ಲ ಅಬ್ಬಾ, ತಲಿ ಯಾಕ ತಿರುಗತೈತಿ?" ಅವಳ ಕಣ್ಣು ತುಂಬಿದ್ದವು, ಆದರೆ ದನಿ ಗಟ್ಟಿ ಇತ್ತು. "ಹುಟ್ಟಿದಾಗಿಂದ ಚಕ್ಕಡ್ಯಾಗ ಕುಂತೀನಿ. ಇವತ್ತೂ ಚಕ್ಕಡ್ಯಾಗ ಹೊಂಟೀನಿ. ಇಳಿಸು ಅದನ್ನ."

"ಮುಳ್ಳು ಐತಿ ನನ್ನವ್ವಾ! ಕೆಂಚ ತಡಿಯಂಗಿಲ್ಲ. ಹತ್ತು ವರ್ಷ ಎದಿಗೆ ಅವಚಿಕೊಂಡು ಕಾಯ್ದೀನಿ..."

"ಯಾರ ಸಲುವಾಗಿ ಕಾಯ್ದಿ ಅಬ್ಬಾ?"

ಮಾಶಾಕ ಚಕ್ಕಡಿಯ ಮೇಲೆ ಹೊಳೆಯುತ್ತ ಕೂತ ಕಾರನ್ನು ನೋಡಿದ, ಕಲ್ಲಿನ ಮೇಲೆ ಕೂತ ಮಗಳನ್ನು ನೋಡಿದ. ಎಂಟು ವರ್ಷದ ಹುಡುಗಿ ಹದಿನೆಂಟು ವರ್ಷದವಳಾಗಿ ಇವತ್ತು ಹೊರಟೇ ಹೋಗುತ್ತಿದ್ದಾಳೆ, ತಾನು ಗಾಲಿ ಸವರುವುದರಲ್ಲಿ ಅದನ್ನು ನೋಡಲೇ ಇಲ್ಲವಲ್ಲ ಎಂದು ಅವನಿಗೆ ಆಗ ಹೊಳೆಯಿತು.

"ತಿರಕಪ್ಪಾ, ಹಗ್ಗ ಬಿಚ್ಚು" ಎಂದ.

ಹಲಗೆ ಹಾಕಿ ಕಾರು ಇಳಿಸಿದರು. ಎರಡೇ ಸೀಟು. ಡ್ರೈವರ್ ಒಂದರಲ್ಲಿ, ಮಗಳು ಇನ್ನೊಂದರಲ್ಲಿ. ದಾದಾಪೀರನನ್ನು ಹಿಂದೆ ಸ್ಟೆಪ್ನಿಯ ಮೇಲೆ ಕೂಡಿಸಿದರು. ಪಾಪ, ಅವನು ಸೆಹರಾ ಹಲ್ಲಲ್ಲಿ ಕಚ್ಚಿಕೊಂಡು ಗಟ್ಟಿಯಾಗಿ ಹಿಡಿದ. ಮಾಶಾಕ ಹೊರಟ. ಎಷ್ಟು ಮೆಲ್ಲಗೆ ಎಂದರೆ ಕಾರಿಳಿಸಿದ ಚಕ್ಕಡಿಯ ಎತ್ತುಗಳು ಅವನನ್ನು ದಾಟಿ ಮುಂದೆ ಹೋದವು.

"ಅಬ್ಬಾ" ಎಂದಳು ದಿಲಶಾದಬಿ. "ಧೂಳೆಬ್ಬಿಸಿಕೊಂತ ಅಂದಿದ್ದಿ."

ಮಾಶಾಕ ಕಾರು ನಿಲ್ಲಿಸಿದ. ಬಗ್ಗಿ, ಪೆಡಲಿನ ಕೆಳಗೆ ಕೈಹಾಕಿ, ವರ್ಷಗಟ್ಟಲೆ ಕಚ್ಚಿಕೊಂಡಿದ್ದ ಜಾಲಿಯ ತುಂಡನ್ನು ಕಿತ್ತು ಹೊರಗೆ ಒಗೆದ. ಅದು ಹೋಗಿ ಮುಂದಿನ ಚಕ್ಕಡಿಯಲ್ಲಿ ಕೂತಿದ್ದ ಸಾವಕಾರರ ಕಾಲ ಬಳಿ ಬಿತ್ತು. ಅವರು ಅದನ್ನು ಕೈಗೆತ್ತಿಕೊಂಡು "ಇದೇನಲೇ?" ಎನ್ನುವಷ್ಟರಲ್ಲಿ ಕೆಂಪು ಕಾರು ಒಮ್ಮೆ ಗುಟುರು ಹಾಕಿತು. ಆಮೇಲೆ ಅಲ್ಲಿ ಕಾರು ಇರಲಿಲ್ಲ, ಬರೀ ಧೂಳಿತ್ತು.

ಹತ್ತು ವರ್ಷ ಮಾಶಾಕನಿಗೂ ಗೊತ್ತಿರಲಿಲ್ಲ ಅದು ಹಾಗೆ ಓಡುತ್ತದೆಂದು! ಜಾಲಿಮರಗಳು ಹಿಂದಕ್ಕೆ ಓಡಿದವು, ಅವನ ಟೊಪ್ಪಿಗೆ ಹಾರಿ ಯಾವುದೋ ಹೊಲ ಸೇರಿತು, ಹಿಂದಿನಿಂದ ಅಳಿಯ "ಮಾಮಾ! ಮಾಮಾ!" ಎಂದು ಅರಚುತ್ತಿದ್ದ. ದಿಲಶಾದಬಿ ದುಪಟ್ಟಾ ಗಾಳಿಗೆ ಬಿಟ್ಟು, ಎರಡೂ ಕೈ ಮೇಲೆತ್ತಿ, ಕೇಕೆ ಹಾಕಿ ನಕ್ಕಳು. ಕಲ್ಲು ಬಂತು, ಮುಳ್ಳು ಬಂತು, ಮಾಶಾಕ ಒಮ್ಮೆಯೂ "ಯಾ ಅಲ್ಲಾ" ಎನ್ನಲಿಲ್ಲ. ಮುಂಡರಗಿಯ ಅಗಸಿ ದಾಟಿ, ಬೀಗರ ಮನೆಯ ಮುಂದೆ ತಿರುವು ಹೊಡೆದಾಗ ಕೆಂಚ ಢಂ ಎಂದು ಒಡೆದ. ಬೆಟಗೇರಿಯವರು ಮದ್ದು ಹಾರಿಸಿದರೆಂದು ತಿಳಿದು ಬೀಗರ ಕಡೆಯವರು ಚಪ್ಪಾಳೆ ತಟ್ಟಿದರು.

ಸಾವಕಾರರು ಹಿಂದೆ ಬಂದ ಬಸ್ಸು ಹತ್ತಿ ಬೆನ್ನಲ್ಲೇ ಬಂದಿಳಿದರು. ಕೈಯಲ್ಲಿ ಜಾಲಿಯ ತುಂಡು. ಒಡೆದ ಟಾಯರು ನೋಡಿದರು, ತುಂಡು ನೋಡಿದರು, ತಲೆ ತಗ್ಗಿಸಿ ನಿಂತ ಮಾಶಾಕನನ್ನು ನೋಡಿದರು.

"ಇಷ್ಟು ವರ್ಷ ಊರಿಗೆಲ್ಲಾ ಭಜಿ ತಿನ್ನಿಸಿದ್ನಲ್ಲಲೇ ಕಳ್ಳಾ! ಹಂಗ ಓಡತೈತೇನು ನನ್ನ ಕಾರು?"

"ಓಡತೈತ್ರಿ ಧಣ್ಯಾರ" ಎಂದ ಮಾಶಾಕ.

ಸಾವಕಾರರು ಕಾರಿನಲ್ಲಿ ಕೂತಿದ್ದ ಹುಡುಗಿಯ ಕಡೆ ತಿರುಗಿದರು. "ಹೆಂಗಿತ್ತ ತಂಗೀ?"

"ಜಲ್ದಿ ಮುಗದ ಹೋತ್ರಿ ಸಾವ್ಕಾರ್ರ" ಎಂದಳು ದಿಲಶಾದಬಿ. ಅಷ್ಟು ಹೊತ್ತು ನಗುತ್ತಿದ್ದವಳು ಈಗ ಬಿಕ್ಕಿದಳು. ಅದನ್ನು ಕೇಳಿ ಮಾಶಾಕ ನಡುಬೀದಿಯಲ್ಲಿ ಸಣ್ಣ ಹುಡುಗನಂತೆ ಅತ್ತುಬಿಟ್ಟ.

ಸಾವಕಾರರು ಪೇಟ ಬಿಗಿದುಕೊಂಡರು. "ಅಳೂದು ಸಾಕಲೇ. ಆ ಸ್ಟೆಪ್ನಿ ಹಚ್ಚು. ಅಕಿಗೆ ಇನ್ನೊಂದು ಸುತ್ತು ಹಾಕ್ಸು. ಹಿಂದ ನಾ ಕುಂಡರ್ತೀನಿ."

ದಾದಾಪೀರನಿಗೆ ಇಳಿದದ್ದೇ ಸಾಕಾಗಿತ್ತು. ಮಾವನಿಗಿಂತ ಮುಂದಾಗಿ ಗಾಲಿ ಬದಲಿಸಿಕೊಟ್ಟ. ಹತ್ತು ವರ್ಷ ಕೂತು ಉಂಡ ಮನೆಅಳಿಯ ಮೊದಲ ಸಲ ನೆಲ ಮುಟ್ಟಿದ, ಒಡೆದ ಕೆಂಚ ಅವನ ಜಾಗಕ್ಕೆ ಏರಿದ, ಅದರ ಮೇಲೆ ಸಾವಕಾರರು. ಕೆಂಪು ಕಾರು ಮುಂಡರಗಿಯ ಪೇಟೆಯನ್ನು ಸುತ್ತಿ, ಕೊರ್ಲಹಳ್ಳಿಯ ದಾರಿ ಹಿಡಿದು, ಹೊಳೆಯ ದಂಡೆಯವರೆಗೆ ಹೋಗಿ ಬಂತು. ಹೋಗುವಾಗ ಸಾವಕಾರರು "ಒತ್ತಲೇ, ಇನ್ನೂ ಒತ್ತು!" ಎಂದು ಕೂಗಿದ್ದನ್ನು ಪೇಟೆಯವರೆಲ್ಲ ಕೇಳಿದರು. ಬರುವಾಗ "ಸಾವಕಾಶಲೇ, ಸಾವಕಾಶ!" ಎಂದು ಕೂಗಿದ್ದನ್ನೂ ಕೇಳಿದರು.

ಇಳಿದಾಗ ಅವರ ಮೀಸೆಯೆಲ್ಲ ಧೂಳು. ಜೇಬಿನಿಂದ ಜಾಲಿಯ ತುಂಡು ತೆಗೆದು ಮಾಶಾಕನ ಅಂಗೈಯಲ್ಲಿಟ್ಟರು. "ಐತವಾರಕ್ಕ ಇದು ಇರ್ಲಿ" ಎಂದು ಕಿವಿಯಲ್ಲಿ ಹೇಳಿ, ಬೀಗರ ಮನೆಯ ಒಳಗೆ ನೀರು ಕುಡಿಯಲು ಹೋದರು. ಮಾಶಾಕ ತುಂಡನ್ನು ಜೇಬಿಗೆ ಹಾಕಿಕೊಂಡು ತಿರುಗಿ ನೋಡಿದ. ದಿಲಶಾದಬಿ ಇನ್ನೂ ಕಾರಿನಿಂದ ಇಳಿದಿರಲಿಲ್ಲ.